ಪೆಲಿಕನ್ ಹಕ್ಕಿಯ ಹಾಟ್‌ಬಾಕ್ಸ್

ನನ್ನ ಅರವತ್ತೊಂಬತ್ತು ವರ್ಷದ ಜೀವಮಾನದಲ್ಲಿ, ನನಗೆ ಬೇಡದ ವಸ್ತುವೊಂದನ್ನು ನನಗೆ ಮಾರಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಮನೆಯ ಬಾಗಿಲಿನಿಂದ ವಾಪಸ್ ಹೋದ ಮೇಲೆ ಆ ಕಸುಬು ಬಿಟ್ಟು ಎಲ್ಲೋ ಕುರಿ ಕಾಯುತ್ತಿದ್ದಾನೆ. ಇದು ಜಂಬವಲ್ಲ, ಇತಿಹಾಸ. ಬೇಕಿದ್ದರೆ ಸಿಡ್ನಿಯ ನಮ್ಮ ಪೆಂಡಲ್ ಹಿಲ್ ಸ್ಟೇಷನ್ನಿನ ಮುಂದೆ ನಿಂತು ಯಾರನ್ನಾದರೂ ಕೇಳಿ ನೋಡಿ. ವ್ಯಾಕ್ಯೂಮ್ ಕ್ಲೀನರ್ ಮಾರಲು ಬಂದವನಿಂದ ಡೆಮೊ ಹೆಸರಿನಲ್ಲಿ ಮೂರು ಬೆಡ್‌ರೂಮು, ಹಜಾರ, ಗ್ಯಾರೇಜು, ಕೊನೆಗೆ ಪಕ್ಕದ ಮನೆಯವರ ಕಾರ್ಪೆಟ್ಟನ್ನೂ ಗುಡಿಸಿಸಿ, ಒಂದು ಲೋಟ ನೀರು ಕೊಟ್ಟು ಕಳಿಸಿದವನು ನಾನು. ಸೋಲಾರ್ ಪ್ಯಾನೆಲ್ ಮಾರಲು ಬಂದವನಿಗೆ ಸೂರ್ಯನಮಸ್ಕಾರ ಕಲಿಸಿ ಕಳಿಸಿದ್ದೇನೆ. ಆತ ಈಗಲೂ ದೀಪಾವಳಿಗೆ ತಪ್ಪದೆ ಮೆಸೇಜ್ ಮಾಡುತ್ತಾನೆ, ಬೆನ್ನುನೋವು ವಾಸಿಯಾಯಿತಂತೆ.

ಇಂಥ ಅಜೇಯನಾದ ನನ್ನನ್ನು ಮಣಿಸಿದ್ದು ಒಂದು ಹಕ್ಕಿ.

ಆ ಹಕ್ಕಿ ‘ಜೆಂಟಲ್ ಪೆಲಿಕನ್’ ಎಂಬ ಕಂಪನಿಯ ಗುರುತು. ಕಂಪನಿಯ ವ್ಯಾಪಾರ ಅಂತ್ಯಕ್ರಿಯೆ. ಈ ದೇಶದಲ್ಲಿ ಸಾಯುವುದಕ್ಕೂ ಪ್ರೀಪೇಡ್ ಉಂಟು. ಫೋನಿಗೆ ಕರೆನ್ಸಿ ಹಾಕಿಸಿದ ಹಾಗೆ ಮೊದಲೇ ಹಾಕಿಸಿಟ್ಟರಾಯಿತು. ಹೋಗುವ ದಿನ ಮಕ್ಕಳು ಪರದಾಡುವಂತಿಲ್ಲ. ಪೆಟ್ಟಿಗೆ, ಹೂವು, ಕರಿ ಕಾರು, ಸಂಗೀತ, ಕೊನೆಗೆ ಬಂದವರಿಗೆ ಸ್ಯಾಂಡ್‌ವಿಚ್ಚು, ಎಲ್ಲವೂ ಪ್ಯಾಕೇಜಿನಲ್ಲಿ. ಮುಖ್ಯ ವ್ಯಕ್ತಿ ಮಾತ್ರ ಹಾಜರಿದ್ದರೆ ಸಾಕು.

ಈ ಸುವಾರ್ತೆಯನ್ನು ಸಾರಲು ಅವರು ಊರೂರಿನ ಕ್ಲಬ್ಬುಗಳಲ್ಲಿ ವಯಸ್ಸಾದವರನ್ನು ಕರೆದು ಪುಕ್ಕಟೆ ಊಟ ಹಾಕಿ ಭಾಷಣ ಮಾಡುತ್ತಾರೆ. ರಿಟೈರಾದ ಮೇಲೆ ನನಗೆ ಬೇರೇನು ಕೆಲಸ? ಪ್ಯಾರಮಟ್ಟಾದಲ್ಲಿ ಉಂಡೆ, ಬ್ಲ್ಯಾಕ್‌ಟೌನಿನಲ್ಲಿ ಉಂಡೆ, ಚಾಟ್ಸ್‌ವುಡ್ಡಿನಲ್ಲಿ ಎರಡು ಸಲ ಬಡಿಸಿಕೊಂಡೆ. ಭಾಷಣ ಮಾಡುವಾಕೆ ಲೊರೇನ್ ಎಂಬ ಬೆಳ್ಳಿಕೂದಲ ಹೆಂಗಸು. ಹಾಲಿನಲ್ಲಿ ಅದ್ದಿದ ಖರ್ಜೂರದಂಥ ದನಿ. ಆ ದನಿಯಲ್ಲಿ ಕೇಳಿದರೆ ಯಾರಿಗಾದರೂ ಅಲ್ಲೇ ಮಲಗಿಬಿಡೋಣ ಎನ್ನಿಸಬೇಕು. ನಾನು ಮಲಗಲಿಲ್ಲ. ಹತ್ತು ವರ್ಷ ಸಾಯದೇ ಇದ್ದರೆ ಕಾರಿನ ಇನ್ಷೂರೆನ್ಸಿನ ಹಾಗೆ ನೋ ಕ್ಲೈಮ್ ಬೋನಸ್ ಸಿಗುತ್ತದೆಯೇ ಎಂದು ಕೇಳಿದೆ. ಬಟ್ಟೆ ಅಂಗಡಿಯ ಹಾಗೆ ಪೆಟ್ಟಿಗೆಯನ್ನೂ ಮೊದಲು ಅಳತೆಗೆ ಹಾಕಿ ನೋಡಬಹುದೇ ಎಂದೂ ಕೇಳಿದೆ. ಲೊರೇನ್ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡು, ಬಹಳ ಒಳ್ಳೆಯ ಪ್ರಶ್ನೆಗಳು ಎಂದಳು.

ಪ್ರತಿ ಊಟದ ಕೊನೆಗೆ ಒಂದು ಉಡುಗೊರೆ: ಹಾಟ್‌ಬಾಕ್ಸ್. ಹೊರಗೆ ಮರೂನ್ ಬಣ್ಣ, ಒಳಗೆ ಫಳಫಳ ಸ್ಟೀಲು, ಮುಚ್ಚಳದ ಮೇಲೆ ರೆಕ್ಕೆ ಬಿಚ್ಚಿ ಸೂರ್ಯಾಸ್ತದತ್ತ ಹಾರುತ್ತಿರುವ ಬಂಗಾರದ ಪೆಲಿಕನ್. ಬೆಳಿಗ್ಗೆ ಇಡ್ಲಿ ಹಾಕಿಟ್ಟರೆ ರಾತ್ರಿಯೂ ಹೊಗೆಯಾಡುವಷ್ಟು ಗಟ್ಟಿ ಮಾಲು. ಒಂದಕ್ಕೆ ತೃಪ್ತಿಪಡುವ ಜಾಯಮಾನ ನನ್ನದಲ್ಲ. ಸಿಡ್ನಿಯ ಮುನ್ನೂರು ಕನ್ನಡ ಕುಟುಂಬಗಳು ನನ್ನನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಲೊರೇನಳಿಗೆ ಹೇಳಿದೆ. (ಕಾರು ಪಾರ್ಕ್ ಮಾಡುವಾಗ ಸ್ವಲ್ಪ ಆಚೆ ನಿಲ್ಲಿ ಅಂಕಲ್ ಎಂದು ಕೇಳುತ್ತಾರೆ, ಅದೂ ಕೇಳುವುದೇ ತಾನೆ.) ಆಕೆ ನಲವತ್ತು ಹಾಟ್‌ಬಾಕ್ಸುಗಳ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ನನ್ನ ಕಾರಿನ ಡಿಕ್ಕಿಗೆ ತುಂಬಿಸಿ, ಮನೆಗೊಂದು ಕೊಟ್ಟು ಪೆಲಿಕನ್ ಸೇವೆಯ ಬಗ್ಗೆ ನಾಲ್ಕು ಮಾತು ಹೇಳುವಿರಲ್ಲವೇ ಎಂದಳು. ನಾನು ತಲೆಯಾಡಿಸಿದೆ. ನಮ್ಮ ಕಡೆಯ ತಲೆಯಾಟಕ್ಕೆ ಹೌದು, ಇಲ್ಲ, ನೋಡೋಣ, ಬಿಸಿಲು ಜಾಸ್ತಿ ಎಂಬ ನಾಲ್ಕು ಅರ್ಥಗಳೂ ಉಂಟೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಮಗಳು ಅನಘಾಳ ನಿಶ್ಚಿತಾರ್ಥ ಬಂತು. ಅವಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ದಿನಾ ಒಂದೇ ಟ್ರಾಮಿನಲ್ಲಿ ನಿಂತು ನಿಂತು ಅಭಿನವ ಎಂಬ ಧಾರವಾಡದ ಹುಡುಗನನ್ನು ಒಪ್ಪಿಕೊಂಡಿದ್ದಳು. ಹುಡುಗ ಬಂಗಾರ. ಅವನ ತಂದೆ ದ್ಯಾಮಣ್ಣನವರು ಧಾರವಾಡದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿದ್ದವರು. ಆರಡಿ ಎತ್ತರ, ಅದಕ್ಕೆ ಒಪ್ಪುವ ಮೀಸೆ. ಸೀಟಿ ಊದುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದರೂ ಅವರು ಕೆಮ್ಮಿದರೆ ಅಕ್ಕಪಕ್ಕದವರು ಸಾಲಾಗಿ ನಿಲ್ಲುತ್ತಾರೆ. ತಾಯಿ ಮಲ್ಲವ್ವನವರು ನಗುಮುಖದ ಹೆಂಗಸು. ಇಬ್ಬರೂ ಈಗ ಮೆಲ್ಬರ್ನಿನಲ್ಲಿ ಮಗನ ಜೊತೆಗಿದ್ದಾರೆ.

ನಿಶ್ಚಿತಾರ್ಥ ನಮ್ಮ ಕಡೆಯದು, ಸಿಡ್ನಿಯಲ್ಲಿ. ಬಂದ ಮುತ್ತೈದೆಯರಿಗೆ ರಿಟರ್ನ್ ಗಿಫ್ಟ್ ಏನು ಕೊಡುವುದೆಂದು ನನ್ನ ಹೆಂಡತಿ ಅರುಂಧತಿ ಒಂದು ತಿಂಗಳಿಂದ ನಿದ್ದೆಗೆಟ್ಟಿದ್ದಳು. ಜರ್ಮನ್ ಸಿಲ್ವರ್ ಕುಂಕುಮಭರಣಿ ತರಿಸೋಣ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಗ್ಯಾರೇಜಿನ ಬಾಗಿಲು ತೆರೆದೆ.

ಅವಳು ಒಂದು ಡಬ್ಬಿಯನ್ನು ಎತ್ತಿ, ತಟ್ಟಿ, ಮೂಸಿ, ಎಲ್ಲಿಂದ ಬಂತು ಎಂದು ಕೇಳಿದಳು. ಹೋಲ್‌ಸೇಲ್ ಎಂದೆ.

“ಇದು ಯಾವ ಹಕ್ಕಿ?”

“ಹಂಸ.”

“ಕೊಕ್ಕಿನ ಕೆಳಗೆ ಚೀಲ ಇದೆಯಲ್ರೀ.”

“ಆಸ್ಟ್ರೇಲಿಯಾದ ಹಂಸ ಕಣೇ. ಇಲ್ಲಿ ಹಂಸಾನೂ ಶಾಪಿಂಗಿಗೆ ಚೀಲ ತಗೊಂಡೇ ಹೋಗುತ್ತೆ.”

ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅವಳ ಕನ್ನಡಕ ಅಡುಗೆಮನೆಯಲ್ಲಿತ್ತು. ನನ್ನದು ಮೂಗಿನ ಮೇಲೇ ಇತ್ತು, ಆದರೆ ನಾನು ಓದಿ ಹೇಳುವ ಉತ್ಸಾಹ ತೋರಿಸಲಿಲ್ಲ. ಒಳಗೊಂದು ಕಾರ್ಡು ಕೂಡ ಇತ್ತು. ಹಡಗಿನಲ್ಲಿ ಇಬ್ಬರಿಗೆ ಎಂಟು ದಿನದ ಟೂರು, ಲಕ್ಕಿ ಡಿಪ್ಪು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಗಂಡ ಹೆಂಡತಿಯ ವಿವರ ತುಂಬಿ ಎಂದು. ಇದೂ ಇರಲಿ, ಗಿಫ್ಟಿಗೆ ಒಂದು ಗತ್ತು ಬರುತ್ತೆ ಎಂದಳು ಅರುಂಧತಿ. ಇಂಥ ಕಾರ್ಡನ್ನು ಯಾರು ತಾನೇ ತುಂಬುತ್ತಾರೆ ಎಂದು ನಾನೂ ಇರಗೊಟ್ಟೆ. ಅದರ ಮೇಲೆ ರವಿಕೆ ಕಣ, ಅರಿಶಿನ ಕುಂಕುಮ, ತೆಂಗಿನಕಾಯಿ, ಎರಡು ಮೈಸೂರ್‌ಪಾಕ್ ಕುಳಿತವು. ಹಂಸ ಮುಚ್ಚಿಕೊಂಡಿತು.

ನಿಶ್ಚಿತಾರ್ಥ ದಿವ್ಯವಾಗಿ ನಡೆಯಿತು. ಊಟಕ್ಕಿಂತ ಹೆಚ್ಚು ಹೊಗಳಿಕೆ ಹಾಟ್‌ಬಾಕ್ಸಿಗೆ ಬಂತು. ಮಲ್ಲವ್ವನವರಂತೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ವಿಮಾನದಲ್ಲಿ ಮೆಲ್ಬರ್ನಿಗೆ ಹೋದರಂತೆ. ‘ಎಷ್ಟಾಯ್ತು ಭಾಸ್ಕರ್ ಅಂಕಲ್, ಒಂದೊಂದಕ್ಕೆ?’ ಎಂದು ಕೇಳಿದವರಿಗೆಲ್ಲ ನಾನು ನಸುನಕ್ಕು, ಮಗಳ ಮದುವೆಯಲ್ಲಿ ಅದನ್ನೆಲ್ಲ ಲೆಕ್ಕ ಹಾಕಬಾರದು ಎಂದು ಉದಾರವಾಗಿ ಹೇಳಿದೆ.

ನಾನು ಲೆಕ್ಕ ಹಾಕದೇ ಬಿಟ್ಟದ್ದು ಬೇರೆ ಇತ್ತು. ಲಕ್ಕಿ ಡಿಪ್ ಎಂದು ಬರೆದ ಕಾಗದವನ್ನು ತುಂಬದೆ ಎಸೆದ ನಮ್ಮ ಹೆಂಗಸು ಈ ಭೂಮಂಡಲದಲ್ಲಿ ಇಲ್ಲ. ಡಬ್ಬಿ ಪಡೆದ ಮೂವತ್ತೆಂಟು ಜನರೂ ಮನೆಗೆ ಹೋಗಿ ಸೀರೆ ಬದಲಾಯಿಸುವ ಮೊದಲೇ ಸ್ಕ್ಯಾನ್ ಮಾಡಿ, ಗಂಡನ ಹೆಸರು, ವಯಸ್ಸು, ಫೋನ್ ನಂಬರ್ ತುಂಬಿದ್ದರು. ಕೊನೆಯಲ್ಲಿ ‘ಯಾವಾಗ ಬೇಕು?’ ಎಂಬ ಪ್ರಶ್ನೆಗೆ ಮೂರು ಉತ್ತರಗಳಿದ್ದವು: ಮುಂದೆಂದಾದರೂ, ಒಂದು ವರ್ಷದೊಳಗೆ, ಆದಷ್ಟು ಬೇಗ. ಮೇಲಿನ ನಾಲ್ಕು ಸಾಲು ಓದಿದ್ದರೆ ಏನು ಬೇಕು ಎಂಬುದು ತಿಳಿಯುತ್ತಿತ್ತು. ಬಹುಮಾನ ಯಾರಿಗೆ ತಡವಾಗಿ ಬೇಕು? ಮೂವತ್ತೆಂಟೂ ಜನ ‘ಆದಷ್ಟು ಬೇಗ’ ಎಂಬಲ್ಲಿ ಟಿಕ್ ಹಾಕಿದ್ದರು.

ಹತ್ತು ದಿನಕ್ಕೆ ಫೋನುಗಳು ಶುರುವಾದವು.

ಮೊದಲ ಕರೆ ಬಂದದ್ದು ನನ್ನ ಗೆಳೆಯ ಚಂದ್ರಶೇಖರನಿಗೆ. ಪೆಂಡಲ್ ಹಿಲ್ಲಿನ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದ. ಖರ್ಜೂರದ ದನಿ ಬಹಳ ಮೃದುವಾಗಿ, ನಿಮ್ಮ ಪತ್ನಿ ಜಯಾ ಅವರು ನಿಮ್ಮ ಅಂತ್ಯಕ್ರಿಯೆ ಆದಷ್ಟು ಬೇಗ ಬೇಕೆಂದು ತಿಳಿಸಿದ್ದಾರೆ, ನಿಮಗೆ ಮಾತಾಡಲು ಯಾವ ವಾರ ಅನುಕೂಲ ಎಂದಿತು. ಅವನು ನುಗ್ಗೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದ. ಅಂದೇ ಜಯಾ ಎಂದೂ ಇಲ್ಲದ ಪ್ರೀತಿಯಿಂದ ಹೋಳಿಗೆ ಮಾಡಿ, ಮೇಲೆ ತುಪ್ಪ ಸುರಿದು ಕಾದಿದ್ದಳು. ಮೊದಲು ನೀನು ತಿನ್ನು ಎಂದ. ಅಂದಿನಿಂದ ಅವನು ಅವಳ ತಟ್ಟೆಯಲ್ಲೇ ಊಟ ಮಾಡುತ್ತಿದ್ದಾನೆ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಇಂಥ ಅನ್ಯೋನ್ಯವೇ ಎಂದು ಸಬರ್ಬಿನ ಆಂಟಿಯರು ಕಣ್ಣೊರೆಸಿಕೊಂಡರು.

ಎಂಬತ್ನಾಲ್ಕು ವರ್ಷದ ಶ್ರೀಕಂಠಯ್ಯನವರ ಪ್ರತಿಕ್ರಿಯೆಯೇ ಬೇರೆ. ನಿಮಗೆ ಏನು ಇಷ್ಟ ಎಂದು ಅವರನ್ನು ಯಾರಾದರೂ ಕೇಳಿ ನಾಲ್ಕು ವರ್ಷವಾಗಿತ್ತು. ಅವರು ಲೊರೇನಳಿಗೆ ತಮ್ಮ ಮಂಡಿನೋವು, ದಾವಣಗೆರೆಯ ಬೆಣ್ಣೆದೋಸೆ, ಸೊಸೆಯ ಸಾರು, ಮೂರನ್ನೂ ಎರಡೂವರೆ ಗಂಟೆ ವಿವರಿಸಿದರು. ಆಮೇಲೆ ಎರಡು ದಿನ ಪೆಲಿಕನ್ನಿನಿಂದ ಯಾರಿಗೂ ಫೋನ್ ಬರಲಿಲ್ಲ. ಲೊರೇನ್ ರಜೆ ಹಾಕಿದ್ದಳಂತೆ.

ಮೂರನೇ ದಿನ ಯಾರೋ ಪುಣ್ಯಾತ್ಮ ಕನ್ನಡಕ ಹಾಕಿಕೊಂಡು ಹಾಟ್‌ಬಾಕ್ಸನ್ನು ತಿರುಗಿಸಿದ. ‘ಜೆಂಟಲ್ ಪೆಲಿಕನ್ ಪ್ರೀಪೇಡ್ ಫ್ಯೂನರಲ್ಸ್’ ಎಂದು ತಳದ ಫೋಟೊ ವಾಟ್ಸಾಪ್ ಗುಂಪಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಹಾಟ್‌ಬಾಕ್ಸುಗಳ ರಾಜಗೋಪುರ ಎದ್ದಿತ್ತು. ಕುಂಕುಮದ ಪೊಟ್ಟಣಗಳೂ ವಾಪಸ್ ಬಂದಿದ್ದವು. ಮೈಸೂರ್‌ಪಾಕ್ ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ಅರುಂಧತಿ ಕೋಪ ಬಂದರೆ ಕೂಗಾಡುವವಳಲ್ಲ. ನನ್ನ ಕಾಫಿಗೆ ನಿನ್ನೆಯ ಡಿಕಾಕ್ಷನ್ ಹಾಕುತ್ತಾಳೆ. ಆ ವಾರ ಮೊನ್ನೆಯದು ಬಂತು. ಮುತ್ತೈದೆಯರ ಉಡಿಗೆ ಹೆಣದ ಕಂಪನಿಯ ಡಬ್ಬಿ ಹಾಕಿಸಿದಿರಲ್ಲ ಎಂದು ಒಂದೇ ಮಾತು ಹೇಳಿ, ಉಳಿದದ್ದನ್ನೆಲ್ಲ ಡಿಕಾಕ್ಷನ್ನಿಗೆ ಬಿಟ್ಟಳು.

ಅದನ್ನೂ ಕುಡಿದು ಅರಗಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಗುರುವಾರ ಸಂಜೆ ಅನಘಾ ಫೋನ್ ಮಾಡಿದಳು.

“ಅಪ್ಪಾ, ಡಿಡ್ ಯು ಗಿವ್ ಮೈ ಇನ್‌ಲಾಸ್ ಎ ಫ್ಯೂನರಲ್ ಕಂಪನಿ ಹಾಟ್‌ಬಾಕ್ಸ್?”

ಹಾಟ್‌ಬಾಕ್ಸ್ ಎಂಬ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಯಾವ ದೋಷವೂ ಇಲ್ಲ ಎಂದೆ. ಅವಳು ಸಣ್ಣ ದನಿಯಲ್ಲಿ, “ಅಭಿನವನ ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಈ ಸಂಬಂಧ ಬೇಕಾ ಅಂತ ಕೇಳ್ತಿದ್ದಾರಂತೆ. ನೀನೇ ಬಂದು ಸರಿಮಾಡು ಅಪ್ಪ,” ಎಂದಳು.

ನನ್ನ ಮಗಳು ಹುಟ್ಟಿದಾಗಿನಿಂದ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುವುದು ಎರಡೇ ಸಂದರ್ಭದಲ್ಲಿ: ಜ್ವರ ಬಂದಾಗ, ಅಳು ಬಂದಾಗ. ಜ್ವರವಿದ್ದ ಹಾಗೆ ಕೇಳಿಸಲಿಲ್ಲ. ಅಂದು ರಾತ್ರಿಯೇ ಟಿಕೆಟ್ ಬುಕ್ ಮಾಡಿದೆ.

ಶನಿವಾರ ಡಾಕ್‌ಲ್ಯಾಂಡ್ಸಿನ ಗೋಪುರವೊಂದರ ಇಪ್ಪತ್ತಮೂರನೇ ಮಹಡಿಯಲ್ಲಿ, ಅಭಿನವನ ಮನೆಯ ಬಾಗಿಲಲ್ಲಿ, ಜರ್ಮನ್ ಸಿಲ್ವರ್ ಕುಂಕುಮಭರಣಿ ಹಿಡಿದುಕೊಂಡ ಅರುಂಧತಿಯ ಹಿಂದೆ, ಅವಳ ಕೈಚೀಲ ಹಿಡಿದುಕೊಂಡು ನಾನು ನಿಂತಿದ್ದೆ. ಒಳಗೆ ಮೇಜಿನ ಮೇಲೆ ಹಾಟ್‌ಬಾಕ್ಸನ್ನು ಕವುಚಿ ಹಾಕಿದ್ದರು, ಪೊಲೀಸರು ಜಪ್ತಿ ಮಾಡಿದ ಮುದ್ದೆಮಾಲಿನ ಹಾಗೆ. ದ್ಯಾಮಣ್ಣನವರು ಕೆಮ್ಮಿದರು. ನಾನೂ ಅರುಂಧತಿಯೂ ಅನಘಾ ಅಭಿನವರೂ ಎತ್ತರದ ಪ್ರಕಾರ ಸಾಲಾಗಿ ಕುಳಿತೆವು.

“ಬೀಗರ,” ಎಂದರು ಅವರು, “ಅರವತ್ತೆಂಟು ವರ್ಷದಾಗ ನಾ ಒಂದು ದಿನಾ ಜ್ವರ ಅಂತ ಮಲಗಿದಾಂವ ಅಲ್ಲ. ಆ ಹೆಣ್ಮಗಳು ಫೋನ್ ಮಾಡಿ ನನ್ನ ಎತ್ತರ ಎಷ್ಟು ಅಂತ ಕೇಳ್ತಾಳ. ಆರಡಿ ಅಂದೆ. ಹಂಗಾದ್ರ ಪೆಟ್ಟಿಗಿಗೆ ಎಕ್ಸ್ಟ್ರಾ ಆಗ್ತೈತಿ ಅಂದ್ಲು.”

ಮಲ್ಲವ್ವನವರು ಸೆರಗಿನ ತುದಿ ತಿರುವುತ್ತ, “ನಂದೇನ್ ತಪ್ಪ್ರೀ? ಯಾವಾಗ ಬೇಕು ಅಂತ ಕೇಳಿತ್ತು. ಲಗೂನ ಬೇಕು ಅಂತ ಒತ್ತಿದೆ,” ಎಂದರು. ದ್ಯಾಮಣ್ಣನವರು ಹೆಂಡತಿಯನ್ನು ನೋಡಿದ ನೋಟದಲ್ಲಿ, ಹೈಸ್ಕೂಲಿನಲ್ಲಿ ನಾನು ಪಿ.ಟಿ. ಪಿರಿಯಡ್ ತಪ್ಪಿಸಿದ್ದೆಲ್ಲ ನನಗೆ ನೆನಪಾಯಿತು.

ಇಲ್ಲಿ ನಾನು ಕ್ಷಮೆ ಕೇಳಿಬಿಡಬೇಕಿತ್ತು. ವಿಮಾನದಲ್ಲಿ ಅರುಂಧತಿ ನನಗೆ ಅದನ್ನು ಬಾಯಿಪಾಠ ಮಾಡಿಸಿಯೂ ಇದ್ದಳು: ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ, ಮೂರೇ ಪದ. ಆದರೆ ನನ್ನ ನಾಲಿಗೆಗೆ ಮೂರೇ ಪದ ಹೇಳಿ ಅಭ್ಯಾಸವಿಲ್ಲ. ಗಂಟಲು ಸರಿಮಾಡಿಕೊಂಡು, ಮಹನೀಯರೇ, ಇದು ನಮ್ಮ ಹಳೇ ಮೈಸೂರು ಸೀಮೆಯ ಬಹು ಗೌಪ್ಯವಾದ ಸಂಪ್ರದಾಯ ಎಂದು ಶುರು ಮಾಡಿಬಿಟ್ಟೆ. ಅಂತ್ಯಕ್ರಿಯೆಯ ಏರ್ಪಾಡು ಮೊದಲೇ ಮಾಡಿಟ್ಟರೆ ಯಮಧರ್ಮನು, ಇವರದೆಲ್ಲ ಸಿದ್ಧವಾಗಿದೆ, ಆತುರವೇನಿಲ್ಲ ಎಂದು ಕಡತವನ್ನು ಕೆಳಗೆ ಹಾಕುತ್ತಾನೆ. ಆಯುಸ್ಸು ಕನಿಷ್ಠ ಇಪ್ಪತ್ತೈದು ವರ್ಷ ವೃದ್ಧಿಯಾಗುತ್ತದೆ. ಬೀಗರ ದೀರ್ಘಾಯುಸ್ಸಿಗೆಂದೇ ಇದನ್ನು ಹುಡುಕಿ ತಂದೆ. ನಮ್ಮ ವಂಶದಲ್ಲಿ ಹೀಗೆ ಮಾಡಿಸಿದ ಒಬ್ಬರು ನೂರಾ ಹದಿನೇಳು ವರ್ಷ ಬದುಕಿ, ಕೊನೆಗೆ ಬೇಜಾರಾಗಿ ಹೋದರು.

ಅರುಂಧತಿ ಕಣ್ಣು ಮುಚ್ಚಿಕೊಂಡಳು. ಆದರೆ ದ್ಯಾಮಣ್ಣನವರ ಮೀಸೆ ಸಡಿಲವಾದದ್ದನ್ನು ನಾನು ಕಂಡೆ. ಅವರು ಮುಂದಕ್ಕೆ ಬಾಗಿದರು.

“ಹೌದೇನ್ರೀ? ಹಂಗಾದ್ರ ನೀವೂ ಮಾಡ್ಸಿರಬೇಕಲ್ಲ.”

ಮಾಡಿಸಿದ್ದೇನೆ ಎಂದರೆ ಕಾಗದ ತೋರಿಸಿ ಎನ್ನುತ್ತಾರೆ. ಇಲ್ಲವೆಂದರೆ ಸಂಪ್ರದಾಯ ಸುಳ್ಳು. ಮಾಡಿಸಬೇಕೆಂದೇ ಇದ್ದೆ, ಒಳ್ಳೆಯ ಮುಹೂರ್ತಕ್ಕೆ ಕಾಯುತ್ತಿದ್ದೆ ಎಂದೆ. ಅನಘಾ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ಜ್ವರವಿಲ್ಲದೆ ಕೆಂಪಾಗಿತ್ತು.

“ಈಗ ಶುಭ ಹೊತ್ತ ಐತಿ,” ಎಂದು ದ್ಯಾಮಣ್ಣನವರು ಫೋನ್ ತೆಗೆದರು. “ಕೊಟ್ಟಾವ್ರು ಮೊದಲು ಕಟ್ಟಿ ತೋರಸ್ರಿ. ನೀವು ಮಾಡ್ಸಿದ್ರ, ನೀವು ನಮಗ ಬಯಸಿದ್ದು ಆಯುಸ್ಸ ಅಂತ ನಾ ನಂಬ್ತೀನಿ. ಮದುವಿ ಮಾತು ಮುಗೀತು.”

ಸ್ಪೀಕರಿನಲ್ಲಿ ಖರ್ಜೂರದ ದನಿ ಹರಿದು ಬಂತು. ನನ್ನ ಹೆಸರು ಕೇಳಿದ್ದೇ ತಡ, ನೋ ಕ್ಲೈಮ್ ಬೋನಸ್ ಅಲ್ಲವೇ, ನಿಮ್ಮನ್ನು ಮರೆಯುವುದುಂಟೇ ಎಂದು ಲೊರೇನ್ ಬಹಳ ಸಂತೋಷಪಟ್ಟಳು. ನಾಲ್ಕು ಊಟ ಹಾಕಿದವಳ ಸಹನೆಯಿಂದ ಒಂದೊಂದಾಗಿ ಪ್ರಶ್ನೆ ಕೇಳತೊಡಗಿದಳು. ಉತ್ತರಗಳನ್ನೆಲ್ಲ ಅರುಂಧತಿಯೇ ಕೊಟ್ಟಳು. ವಾರದ ಮೇಲೆ ಅವಳ ಬಾಯಿಂದ ಇಷ್ಟು ಮಾತು ಹೊರಟದ್ದು ಹೀಗೆ. ನನ್ನ ಎತ್ತರ ಐದಡಿ ನಾಲ್ಕಂಗುಲ ಎಂದಳು. (ಐದಂಗುಲ. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.) ಸಂಗೀತ ಯಾವುದು ಎಂದರೆ, ಸಂಗೀತ ಬೇಡ, ಅವರು ಮಾತಾಡದೇ ಇರುವುದನ್ನು ಎಲ್ಲರೂ ಸ್ವಲ್ಪ ಹೊತ್ತು ಕೇಳಲಿ ಎಂದಳು. ಬದುಕಿನಲ್ಲಿ ಅವರಿಗೆ ಬಹಳ ಪ್ರಿಯವಾದದ್ದು ಏನು ಎಂದರೆ, ಪುಕ್ಕಟೆ ಊಟ ಎಂದಳು.

ಪೆಟ್ಟಿಗೆಯ ವಿಷಯ ಬಂದಾಗ ಎಲ್ಲಕ್ಕಿಂತ ಸಾದಾ ಯಾವುದು, ರಟ್ಟಿನದು ಇದೆಯೇ ಎಂದು ನಾನು ಬಾಯಿ ಹಾಕಿದೆ. ದ್ಯಾಮಣ್ಣನವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಹೆಗಲು ಸೋಫಾದೊಳಗೆ ಇಳಿಯಿತು.

“ಏನ್ ಮಾತ್ರೀ ಬೀಗರ. ನಮ್ಮ ಹುಡುಗನ ಮಾವ ರಟ್ಟಿನಾಗ ಹೋಗೂದೇನು? ಮ್ಯಾಡಂ, ಎಲ್ಲಾದಕ್ಕಿಂತ ಚಲೋದು ಯಾವುದೈತಿ?”

ಅಭಿನವ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಎಲ್ಲಾದಕ್ಕಿಂತ ಚಲೋದು ‘ರಾಯಲ್ ಪೆಲಿಕನ್’. ಓಕ್ ಮರದ ಪೆಟ್ಟಿಗೆ, ಒಳಗೆ ರೇಷ್ಮೆ, ಹೊರಗೆ ಹಿತ್ತಾಳೆಯ ಹಿಡಿ. ಕರಿ ಕಾರಿನ ಬದಲು ಎರಡು ಬಿಳಿ ಕುದುರೆ ಕಟ್ಟಿದ ಸಾರೋಟು. ನನ್ನ ಮದುವೆಯ ದಿಬ್ಬಣಕ್ಕೇ ನಮ್ಮಪ್ಪ ಬಾಡಿಗೆ ವ್ಯಾನು ತಂದಿದ್ದರು. ಕಾರ್ಡಿನ ಹದಿನಾರು ಅಂಕಿಗಳನ್ನು ಒಂದೊಂದಾಗಿ ಹೇಳುವಾಗ ಅಂಕಿಗೊಂದರಂತೆ ನನ್ನ ಪ್ರಾಣ ಕಂತಿನಲ್ಲಿ ಹೋಗುತ್ತಿತ್ತು. ಆ ದಿನವೇ ಕುದುರೆ ಕಟ್ಟಿಸಬಹುದಿತ್ತು. ಹದಿನಾರನೆಯ ಅಂಕಿ ಮುಗಿದ ಮೇಲೆ ಲೊರೇನ್ ಅಭಿನಂದನೆ ಹೇಳಿ, ಹೊಸ ಗ್ರಾಹಕರಿಗೆಲ್ಲ ಕಂಪನಿಯಿಂದ ಒಂದು ಹಾಟ್‌ಬಾಕ್ಸ್ ಉಚಿತ ಎಂದಳು.

ದ್ಯಾಮಣ್ಣನವರು ಮೇಜಿನ ಮೇಲಿನ ಡಬ್ಬಿಯನ್ನು ನೆಟ್ಟಗೆ ಮಾಡಿದರು. ಮಲ್ಲವ್ವನವರು ಜೋಳದ ರೊಟ್ಟಿ ತುಂಬಿ ತಂದರು. ನಾಲ್ಕು ದಿನದ ಹಸಿವಿನಲ್ಲಿ ಬೀಗರು ಒಂಬತ್ತು ರೊಟ್ಟಿ ತಿಂದು, ಡಬ್ಬಿ ಮಾತ್ರ ಫಸ್ಟ್ ಕ್ಲಾಸ್ ಐತಿ ಎಂದರು. ಅನಘಾ ಅಡುಗೆಮನೆಯ ಬಾಗಿಲಲ್ಲಿ ನನ್ನ ಭುಜಕ್ಕೆ ಹಣೆ ಒತ್ತಿ, “ಯು ಆರ್ ಇಂಪಾಸಿಬಲ್, ಅಪ್ಪ,” ಎಂದಳು. ಇಂಗ್ಲಿಷಿಗೆ ವಾಪಸ್ ಬಂದಿದ್ದಳು. ನನಗೆ ಅಷ್ಟೇ ಬೇಕಿತ್ತು.

ಹೊರಡುವಾಗ, ಇನ್ನು ತಮ್ಮದು ಯಾವಾಗ ಎಂದು ಬೀಗರನ್ನು ವಿನಯದಿಂದ ಕೇಳಿದೆ.

“ನಂಗ್ಯಾಕ್ರೀ?” ಎಂದು ಅವರು ಮೀಸೆ ಸವರಿಕೊಂಡರು. “ನಂಗ ಜ್ವರಾನ ಬರಂಗಿಲ್ಲ.”

ಮೂರು ವಾರದ ಮೇಲೆ ಪೆಲಿಕನ್ನಿನ ಮುದ್ರೆಯಿದ್ದ ಲಕೋಟೆಯೊಂದು ಮನೆಗೆ ಬಂತು. ಲಕ್ಕಿ ಡಿಪ್ಪಿನ ಬಹುಮಾನ, ಹಡಗಿನಲ್ಲಿ ಇಬ್ಬರಿಗೆ ಎಂಟು ದಿನದ ಟೂರು. ವಿಜೇತರು: ಶ್ರೀಮತಿ ಅರುಂಧತಿ ಭಾಸ್ಕರ. ನಿಶ್ಚಿತಾರ್ಥದ ದಿನ ಸೀರೆ ಬದಲಾಯಿಸುವ ಮೊದಲು ಅವಳೂ ತುಂಬಿದ್ದಳಂತೆ. ನನ್ನ ಹೆಸರು, ನನ್ನ ವಯಸ್ಸು, ಆದಷ್ಟು ಬೇಗ.

ಕೊನೆಗೂ ಪೆಲಿಕನ್ನಿನಿಂದ ನನ್ನ ದುಡ್ಡು ವಸೂಲಾಗುವ ಕಾಲ ಬಂತೆಂದು ನಾನು ಉಬ್ಬಿ, ಸಮುದ್ರಕ್ಕೆಂದು ಅಗಲ ಅಂಚಿನ ಟೋಪಿಯೊಂದನ್ನು ಕೊಂಡು ತಂದೆ. ಹಡಗಿನಲ್ಲಿ ದಿನಕ್ಕೆ ಆರು ಊಟ, ಆರೂ ಪುಕ್ಕಟೆ ಎಂದು ಲಕೋಟೆಯಲ್ಲೇ ಬರೆದಿತ್ತು. ಹಜಾರಕ್ಕೆ ಬಂದರೆ ಅರುಂಧತಿ ಒಂದು ಸೂಟ್‌ಕೇಸ್ ಮಾತ್ರ ತೆಗೆದಿಟ್ಟು ಫೋನಿನಲ್ಲಿ ನಗುತ್ತಿದ್ದಳು. ಮಲ್ಲವ್ವನವರು ಮೆಲ್ಬರ್ನಿನಿಂದ ನೇರವಾಗಿ ಬಂದರಿಗೇ ಬರುತ್ತಾರಂತೆ. ಇಬ್ಬರಿಗೂ ಕಿಟಕಿ ಇರುವ ಕೋಣೆ. ದಾರಿಗೆ ಚಪಾತಿಯನ್ನು ಹಾಟ್‌ಬಾಕ್ಸಿನಲ್ಲಿ ಇವಳು ತರುತ್ತಾಳಂತೆ.

ಟಿಕೆಟ್ ಗಂಡ ಹೆಂಡತಿಯ ಹೆಸರಿನಲ್ಲಿ ತುಂಬಿದ್ದು, ದುಡ್ಡು ಕಟ್ಟಿದವನು ನಾನು, ಟೋಪಿಯನ್ನೂ ತಂದಾಗಿದೆ ಎಂದು ನಾನು ಬಾಗಿಲಲ್ಲೇ ನಿಂತು ನ್ಯಾಯ ಕೇಳಿದೆ. ಅರುಂಧತಿ ಫೋನನ್ನು ಕೈಯಿಂದ ಮುಚ್ಚಿ, ನನ್ನನ್ನೂ ಟೋಪಿಯನ್ನೂ ಒಮ್ಮೆ ನೋಡಿದಳು.

“ನಿಮ್ಮದು ಆಗಲೇ ಬುಕ್ ಆಗಿದೆಯಲ್ಲ,” ಎಂದಳು. “ಅದೂ ಕುದುರೆ ಸಾರೋಟಿನಲ್ಲಿ. ನಾವು ಬಡವರು, ಹಡಗಿನಲ್ಲಿ ಹೋಗಿಬರ್ತೀವಿ.”